ರೊಟ್ಟಿ ಗಾಡಿಗೆ ಮೂರು ಸಲ ಬ್ರೇಕ್ ಪ್ಯಾಡ್

ಹಳೆಯ ಗಾಡಿ ಇಟ್ಟುಕೊಂಡವರಿಗೆ ನಗುವುದಕ್ಕೆ ಬೇರೆ ಏನೂ ಬೇಕಾಗುವುದಿಲ್ಲ. ಒಂದು ಸಾಮಾನು ಬದಲಿಸಲು ಹೋದರೆ ಸಾಕು, ಓಣಿಗೆಲ್ಲ ಹಂಚುವಷ್ಟು ಪ್ರಸಂಗಗಳು ತಾವಾಗಿಯೇ ಹುಟ್ಟುತ್ತವೆ. ನಮ್ಮಲ್ಲಿ ಹುಟ್ಟಿದವನ್ನು ನಾನು ಆಗಿಂದಾಗಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನಾನು ಗುಲಬರ್ಗಾದಲ್ಲಿ ಬಿ.ಎಸ್‌ಸಿ. ಮುಗಿಸಿದವಳು, ನಮ್ಮ ಓಣಿಗೆ ಡಿಗ್ರಿ ಹಿಡಿದು ಬಂದ ಮೊದಲ ಸೊಸೆ. ಯಾವ ಭಾಗ, ಯಾವತ್ತು, ಯಾರು ಹಾಕಿದರು, ಆಮೇಲೆ ಏನಾಯಿತು, ಎಲ್ಲಕ್ಕೂ ನನ್ನಲ್ಲಿ ಒಂದೊಂದು ಕಾಲಂ ಇದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಸೇಡಂನಲ್ಲಿ ನಮ್ಮ ಹಿತ್ತಲಿನಲ್ಲಿ ಹನ್ನೆರಡು ಜನ ಹೆಣ್ಣುಮಕ್ಕಳು ಜೋಳದ ಖಡಕ್ ರೊಟ್ಟಿ ಬಡಿಯುತ್ತಿದ್ದರು. ಅವನ್ನು ಬುಟ್ಟಿಗೆ ತುಂಬಿ, ಒಂದು ಹಳೆಯ ಪಿಕಪ್ ಗಾಡಿಯಲ್ಲಿ ಚಿತ್ತಾಪುರದ ಮೇಲೆ ವಾಡಿಯ ಒಂದು ಕ್ಯಾಂಟೀನಿಗೆ ದಿನವೂ ಕಳಿಸುತ್ತಿದ್ದೆ. ಖಡಕ್ ರೊಟ್ಟಿ ಹಪ್ಪಳವಿದ್ದಂತೆ, ಗಾಡಿ ಗಕ್ಕನೆ ನಿಂತರೆ ಚೂರಾಗುತ್ತದೆ. ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ಸವೆದು ಹೋಗಿ, ಗಾಡಿ ಒಂದೋ ನಿಲ್ಲುತ್ತಿರಲಿಲ್ಲ, ಇಲ್ಲವೇ ಜಗ್ಗಿ ನಿಲ್ಲುತ್ತಿತ್ತು. ಕ್ಯಾಂಟೀನಿನ ಮಾಲೀಕರು ಫೋನ್ ಮಾಡಿದರು. ತಟ್ಟೆಗೆ ಚೂರು ಹಾಕಿದರೆ ಊಟಕ್ಕೆ ಬರುವ ಕೆಲಸಗಾರರು ಜಗಳ ತೆಗೆಯುತ್ತಾರೆಂದೂ, ಈ ತಿಂಗಳ ಕೊನೆಯ ದಿನ ತಾವೇ ನಿಂತು ಬುಟ್ಟಿ ತೆರೆದು ನೋಡುವುದಾಗಿಯೂ, ಅವತ್ತೂ ರೊಟ್ಟಿ ಒಡೆದಿದ್ದರೆ ಬೇರೆಯವರಿಗೆ ಹೇಳುವುದಾಗಿಯೂ ತಿಳಿಸಿದರು. ನಮ್ಮ ಹನ್ನೆರಡು ಒಲೆಗಳು ಉರಿಯುತ್ತಿದ್ದುದು ಆ ಒಂದು ಕ್ಯಾಂಟೀನಿನಿಂದ. ಪ್ಯಾಡ್ ಬದಲಿಸದೆ ಗತಿಯಿರಲಿಲ್ಲ.

೧. ಸವೆಯದ ಕಡೆ

ನಮ್ಮ ಡ್ರೈವರ್ ಚಿಂಚೋಳಿ ಕಡೆಯವನು, ನನ್ನ ತಮ್ಮನ ವಯಸ್ಸಿನವನು, ಕೆಲಸಕ್ಕೆ ಹಿಂದೆ ಸರಿಯುವವನಲ್ಲ. ಇಷ್ಟಕ್ಕೆ ಮಿಸ್ತ್ರಿ ಯಾಕೆ, ನಾನೇ ಹಾಕುತ್ತೇನೆ ಎಂದ. ಬ್ರೇಕ್ ಪ್ಯಾಡ್ ಎಂದರೆ ಅಂಗೈಯಷ್ಟು ಕಬ್ಬಿಣದ ತಗಡು. ಅದರ ಒಂದು ಬದಿಗೆ ದಪ್ಪಗೆ ಕಪ್ಪು ಮಸಾಲೆ ಅಂಟಿಸಿರುತ್ತಾರೆ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಆ ಮಸಾಲೆ ಎರಡೂ ಕಡೆಯಿಂದ ಒತ್ತಿದರೆ ಗಾಡಿ ನಿಲ್ಲುತ್ತದೆ. ಒಂದು ಮಧ್ಯಾಹ್ನದಲ್ಲಿ ಎರಡೂ ಚಕ್ರಕ್ಕೆ ಹಾಕಿ, ಕೈ ತೊಳೆದು, ನನ್ನಿಂದ ಶಹಬ್ಬಾಸ್ ಅನ್ನಿಸಿಕೊಂಡು ಹೋದ.

ಮರುದಿನ ಬೆಳಿಗ್ಗೆ ಗಾಡಿ ತೆಗೆದು ಓಣಿಯ ತಿರುವಿನಲ್ಲಿ ಬ್ರೇಕ್ ಒತ್ತಿದ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಆ ಕಿರ್ರ್ ಶಬ್ದಕ್ಕೆ ನನ್ನ ಹಲ್ಲು ಜುಮ್ಮೆಂದವು. ಎದುರು ಮನೆಯಾಕೆ ಎರಡು ಈಳಿಗೆ, ಒಂದು ಚಾಕು ಹಿಡಿದು ಲಗುಬಗೆಯಿಂದ ಹೊರಗೆ ಬಂದಳು. ಸಾಣೆ ಹಿಡಿಯುವವನು ಬಂದಿದ್ದಾನೆಂದು ತಿಳಿದಿದ್ದಳು. ಬಂದದ್ದಕ್ಕೆ ಚಾಕುವನ್ನಾದರೂ ತಿಕ್ಕಿ ಕೊಡು ಎಂದು ಡ್ರೈವರನ ಬೆನ್ನು ಹತ್ತಿದಳು.

ಚಕ್ರ ಬಿಚ್ಚಿಸಿದೆ. ನಾಲ್ಕೂ ಪ್ಯಾಡುಗಳ ಕಬ್ಬಿಣದ ಬದಿ ಡಿಸ್ಕಿನ ಕಡೆಗಿತ್ತು, ಮಸಾಲೆ ಹೊರಗಿತ್ತು. ಯಾಕಪ್ಪಾ ಹೀಗೆ ಎಂದು ಕೇಳಿದೆ.

“ಕಪ್ಪು ಕಡೆ ಸವೀತದಂತ ನೀವೇ ದಿನಾ ಬೈತಿದ್ರಿ, ಅಮ್ಮಾರೆ. ಕಬ್ಬಿಣ ಜಲ್ದಿ ಸವಿಯಂಗಿಲ್ಲ. ಅದಕ್ಕ ಅದನ್ನ ಒಳಗ ಮಾಡೀನಿ.”

“ಹಂಗಾದ್ರ ಆ ಮಸಾಲಿ ಯಾತಕ್ಕ ಹಚ್ಚಿರ್ತಾರೋ?”

“ನಾ ಅದು ಪ್ಯಾಕಿಂಗ್ ಅಂತ ತಿಳಕೊಂಡೀನ್ರಿ.”

೨. ಮೂರು ಸಲ ಎಣ್ಣೆ

ಕಬ್ಬಿಣ ತಿಕ್ಕಿ ಡಿಸ್ಕುಗಳಿಗೆ ಗೀರು ಬಿದ್ದಿದ್ದವು. ಶಹಾಬಾದಿನಲ್ಲಿ ಗ್ಯಾರೇಜ್ ಇಟ್ಟ ಮಿಸ್ತ್ರಿ, ಎಲ್ಲರೂ ಉಸ್ತಾದ್ ಎನ್ನುವವನು, ಅವನ್ನು ಲೇಥಿಗೆ ಕೊಟ್ಟು ನುಣುಪು ಮಾಡಿಸಿದ. ಉಲ್ಟಾ ಹಾಕಿ ಕೆಡಿಸಿದ ಆ ಸೆಟ್ ಬೇಡವೆಂದು ಹೊಸ ಪ್ಯಾಡುಗಳನ್ನೂ ಡ್ರೈವರನ ಕೈಯಲ್ಲಿ ಕೊಟ್ಟು ಕಳಿಸಿದ. ಸಂಜೆ ಡ್ರೈವರ್ ಆ ಪೊಟ್ಟಣವನ್ನು ರೊಟ್ಟಿಯ ಒಲೆಗಳ ಪಕ್ಕದ ಕಟ್ಟೆಯ ಮೇಲಿಟ್ಟು ಮನೆಗೆ ಹೋದ.

ಮರುದಿನ ಹಾಕುವಾಗ ನಾನು ಎದುರಿಗೇ ಸ್ಟೂಲ್ ಹಾಕಿಕೊಂಡು ಕುಳಿತೆ. ಕಪ್ಪು ಒಳಗೆ, ಕಬ್ಬಿಣ ಹೊರಗೆ. ನಾಲ್ಕನ್ನೂ ಕಣ್ಣಾರೆ ನೋಡಿ ಟಿಕ್ ಹಾಕಿದೆ. ಮಸಾಲೆ ಮಿರಿಮಿರಿ ಮಿಂಚುತ್ತಿತ್ತು. ‘ಮಾಲು ಉತ್ತಮ ದರ್ಜೆಯದು’ ಎಂದು ಬರೆದೆ.

ಆ ಉತ್ತಮ ದರ್ಜೆಯ ಮಾಲು ಹಾಕಿದ ಗಾಡಿ ಚಿತ್ತಾಪುರದ ಸಂತೆಯ ಹತ್ತಿರ ಎಷ್ಟು ಒತ್ತಿದರೂ ನಿಲ್ಲಲಿಲ್ಲ. ಯಾರೋ ಮನೆ ಕಟ್ಟಲು ತಂದು ಸುರಿದಿದ್ದ ಉಸುಕಿನ ಗುಡ್ಡೆಯ ಮೇಲೆ ಮುಂಗಾಲಿಟ್ಟು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಎರಡು ಬುಟ್ಟಿ ರೊಟ್ಟಿ ಮಾತ್ರ ಪುಡಿಯಾಯಿತು.

ಉಸ್ತಾದ್ ಸೇಡಂವರೆಗೆ ಬಂದು ಪ್ಯಾಡ್ ಬಿಚ್ಚಿ ಮೂಗಿಗೆ ಹಿಡಿದ. ಅಮ್ಮಾಜಿ, ಇದಕ್ಕೆ ಶೇಂಗಾ ಎಣ್ಣೆಯ ವಾಸನೆ ಬರುತ್ತಿದೆಯಲ್ಲ ಎಂದ. ನಾನು ಹೆಣ್ಣುಮಕ್ಕಳ ಕಡೆ ತಿರುಗಿ ನೋಡಿದೆ. ಎಲ್ಲರಿಗಿಂತ ಹಿರಿಯಳು, ನಾವು ದೊಡ್ಡವ್ವ ಎನ್ನುವವಳು, ಹಿಟ್ಟು ನಾದುವುದನ್ನು ನಿಲ್ಲಿಸದೆ ಹೇಳಿದಳು.

“ನಾನೇ ಹಚ್ಚೀನ್ರಿ. ಹೊಸಾ ಹಂಚಿಗಿ ಎಣ್ಣಿ ಕುಡಸಲಾರದೆ ಒಲಿ ಮ್ಯಾಲ ಇಡ್ತೀವೇನು? ಇದೂ ಕಪ್ಪ ಅದ, ಇದೂ ಕಾಯ್ತದಂತ ಡ್ರೈವರ್ ಹೇಳ್ದ. ಎಲ್ಲೂ ಅಂಟಬಾರದಂತ ಮೂರು ಸಲ ಕುಡಿಸೀನಿ.”

ಪ್ಯಾಡ್ ಕುಡಿದ ಎಣ್ಣೆ ಹೊರಗೆ ಬರುವುದಿಲ್ಲವಂತೆ, ಪ್ಯಾಡನ್ನೇ ಬಿಸಾಡಬೇಕಂತೆ. ಉಸ್ತಾದನಿಗೆ ಸಿಟ್ಟು ಬರುತ್ತದೆಂದು ನಾನು ಅಂಜಿದ್ದೆ. ಅವನು ದೊಡ್ಡವ್ವನಿಗೆ ಕೈ ಮುಗಿದ.

“ಮೂವತ್ತು ವರ್ಸ ಆತು, ಬ್ರೇಕ್ ಹಿಡಿಯೂ ಹಂಗ ಮಾಡಾಕತ್ತೀನಿ. ಹಿಡೀಲಾರದಂಗ ಇಷ್ಟು ಬರಾಬರ್ ಮಾಡೂದು ನನಗ ಇನ್ನಾ ಬಂದಿಲ್ಲ.”

೩. ಉತ್ತರ ಸರಿಯಿದೆ

ಮೂರನೆಯ ಸೆಟ್ಟನ್ನು ಉಸ್ತಾದ್ ತಾನೇ ತಂದು ತಾನೇ ಹಾಕಿದ. ಅಡುಗೆಯವರು ಯಾರೂ ಹತ್ತಿರ ಬರಬಾರದೆಂದು ಮೊದಲೇ ಹೇಳಿದ. ಹಾಕಿ ಮುಗಿಸಿ ಇನ್ನೊಂದು ಮಾತು ಹೇಳಿದ. ಹೊಸ ಪ್ಯಾಡ್ ಕೂರಿಸುವಾಗ ಒಳಗಿನ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತೇವೆ. ಗಾಡಿ ಕದಲಿಸುವ ಮೊದಲು ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಮೇಲಿಂದ ಮೇಲೆ ಒತ್ತಬೇಕು. ಇಲ್ಲದಿದ್ದರೆ ಮೊದಲ ಒತ್ತು ಖಾಲಿ ಹೋಗುತ್ತದೆ. ಕೈ ತೊಳೆದು ಬಂದು ತಾನೇ ಒತ್ತುತ್ತೇನೆ ಎಂದು ಬಚ್ಚಲಿಗೆ ಹೋದ.

ನಮ್ಮ ಮನೆಯವರು ಆ ಮಾತು ನಡೆದಾಗ ಅಲ್ಲಿರಲಿಲ್ಲ. ಅವರು ನಿವೃತ್ತ ಗಣಿತ ಮೇಷ್ಟ್ರು. ಹೊರಗೆ ಬಂದು ನೋಡಿದರು. ಗಾಡಿ ಬಿಸಿಲಿಗೆ ನಿಂತಿದೆ, ಎರಡು ಮಾರು ಮುಂದೆ ಬೇವಿನ ನೆರಳಿದೆ. ಏರಿ ಕುಳಿತು ಚಾಲೂ ಮಾಡಿದರು. ಗಾಡಿ ನೆರಳಿಗೆ ಬಂತು. ಬ್ರೇಕ್ ಒತ್ತಿದರು, ಪೆಡಲ್ ನೆಲಕ್ಕೆ ತಾಗಿತು. ಗಾಡಿ ನೆರಳನ್ನೂ ದಾಟಿ ಬಿಸಿಲಿಗೆ ಬಂದು, ಗೋಡೆಗೆ ಒರಗಿಸಿಟ್ಟ ಜೋಳದ ಚೀಲಗಳಿಗೆ ಮೆಲ್ಲಗೆ ತಲೆ ಕೊಟ್ಟಿತು. ಒಂದು ಚೀಲ ಬಿಚ್ಚಿ ಜೋಳ ಸುರಿಯಿತು. ಓಣಿಯ ಕೋಳಿಗಳಿಗೆ ಯಾರು ಹೇಳಿದರೋ, ಎಲ್ಲವೂ ಬಂದವು.

ಯಜಮಾನರು ಇಳಿದು, ಧೋತರ ಸರಿಮಾಡಿಕೊಂಡು, ನನ್ನ ಕೈಯಲ್ಲಿದ್ದ ನೋಟ್‌ಬುಕ್ ನೋಡಿದರು.

“ಬರಕೋ. ಗಾಡಿ ನಿಂತದ.”

“ನಿಲ್ಲಿಸಿದ್ದು ಜೋಳ, ಬ್ರೇಕ್ ಅಲ್ಲ” ಎಂದೆ.

“ಉತ್ತರ ಸರಿ ಅದನೋ ಇಲ್ಲೋ? ವಿಧಾನ ಯಾಕ ಬೇಕು ನಿನಗ?”

ಉತ್ತರ ಸರಿಯಿದ್ದರೂ ವಿಧಾನ ಬರೆದಿಲ್ಲವೆಂದು ಸೇಡಂ ತಾಲೂಕಿನ ಮಕ್ಕಳ ಮಾರ್ಕ್ಸ್ ಕತ್ತರಿಸಿಯೇ ಪೆನ್ಷನ್ ಪಡೆದವರು ಇವರು.

೪. ಮೂವತ್ತು ಸಲ ನಿಧಾನ

ಉಸ್ತಾದ್ ಪೆಡಲ್ ಒತ್ತಿ ಗಟ್ಟಿ ಮಾಡಿಕೊಟ್ಟು ಹೋದ. ಅಷ್ಟರಲ್ಲಿ ತಿಂಗಳ ಕೊನೆಯ ದಿನ ಬಂತು. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕಾದರೆ ಮೊದಲ ಪ್ರಯಾಣದಲ್ಲಿ ಮೂವತ್ತು ಸಲ ವೇಗ ಏರಿಸಿ, ಮೆಲ್ಲಗೆ ಬ್ರೇಕ್ ಒತ್ತಿ ಇಳಿಸಬೇಕು, ಪೂರ್ತಿ ನಿಲ್ಲಿಸಬಾರದು ಎಂದು ಉಸ್ತಾದ್ ಹೇಳಿದ್ದ. ಲೆಕ್ಕ ತಪ್ಪಬಾರದೆಂದು ನಾನೇ ಮುಂದಿನ ಸೀಟಿನಲ್ಲಿ ಕುಳಿತೆ. ಹಿಂದೆ ಬುಟ್ಟಿಗಳಿದ್ದವು.

ಊರು ದಾಟಿ ಡ್ರೈವರ್ ಮೊದಲನೆಯ ಸಲ ನಿಧಾನ ಮಾಡಿದ. ರಸ್ತೆ ಪಕ್ಕದಲ್ಲಿ ಗಂಟು ಇಟ್ಟುಕೊಂಡು ಕುಳಿತಿದ್ದ ಒಬ್ಬ ಮುದುಕಿ ಎದ್ದು ಬಂದು ಹಿಂದಿನಿಂದ ಹತ್ತಿಬಿಟ್ಟಳು. ನಮ್ಮ ಕಡೆ ರಸ್ತೆಯ ಮೇಲೆ ಪಿಕಪ್ ನಿಧಾನವಾಯಿತೆಂದರೆ ಜಾಗ ಇದೆ, ಬರ್ರಿ ಎಂದೇ ಅರ್ಥ. ಎರಡನೆಯ ಸಲಕ್ಕೆ ಇಬ್ಬರು ಹತ್ತಿದರು. ಐದನೆಯ ಸಲಕ್ಕೆ ಒಂದು ಮನೆತನವೇ ಹತ್ತಿತು. ಇವರನ್ನು ಯಾಕೆ ಹತ್ತಿಸಿಕೊಳ್ಳುತ್ತೀಯೋ ಎಂದು ಡ್ರೈವರನನ್ನು ಗದರಿದೆ.

“ನಾ ನಿಲ್ಸೇ ಇಲ್ರಿ ಅಮ್ಮಾರೆ. ಅವರೇ ಹತ್ತಾಕತ್ತಾರ. ನಿಲ್ಸಿ ಇಳಿಸ್ಲೇನು?”

ನಿಲ್ಲಿಸುವಂತಿಲ್ಲವಲ್ಲ. ನಾನು ಆರು, ಏಳು ಎಂದು ಎಣಿಸಿದೆ.

ಚಿತ್ತಾಪುರ ದಾಟುವಷ್ಟರಲ್ಲಿ ಹಿಂದೆ ಹದಿನೆಂಟು ಮಂದಿ ಇದ್ದರು. ಇಷ್ಟು ಜನ ಬುಟ್ಟಿಗಳ ಮೇಲೆ ಕುಳಿತರೆ ರೊಟ್ಟಿಯ ಗತಿಯೇನು ಎಂದುಕೊಂಡೆ. ಹಿಂದಿನ ಕಿಟಕಿಯಲ್ಲಿ ಇಣುಕಿದೆ. ಕೂರಲು ಜಾಗವಿಲ್ಲದ್ದಕ್ಕೆ ಮೊದಲು ಹತ್ತಿದ ಮುದುಕಿ ಎಲ್ಲರಿಗೂ ಒಂದೊಂದು ಬುಟ್ಟಿ ಎತ್ತಿ ತೊಡೆಯ ಮೇಲಿಟ್ಟುಕೊಳ್ಳಲು ಹೇಳಿದ್ದಳು. ಕೂಸಿನಂತೆ ಅಪ್ಪಿಕೊಂಡು ಕುಳಿತಿದ್ದರು. ಘರ್ಷಣೆ, ಚಲನೆ, ಜಡತ್ವ ಎಲ್ಲ ಓದಿದವಳಿಗೆ ರೊಟ್ಟಿಗೆ ತೊಡೆ ಬೇಕೆಂದು ಹೊಳೆದಿರಲಿಲ್ಲ.

ಇಪ್ಪತ್ತೊಂಬತ್ತು ಮುಗಿದಿತ್ತು. ವಾಡಿಯ ಹತ್ತಿರ ರೈಲ್ವೆ ಗೇಟು ನಮ್ಮ ಕಣ್ಣೆದುರಿಗೇ ಬಿತ್ತು. ಡ್ರೈವರ್ ಪೂರ್ತಿ ಒತ್ತಿದ. ಗಾಡಿ ಗೇಟಿಗೆ ಒಂದು ಮೊಳ ಇರುವಂತೆ ನಿಂತಿತು. ಹಿಂದಿನವರು ಒಬ್ಬರ ಮೇಲೊಬ್ಬರು ವಾಲಿದರು. ಬುಟ್ಟಿ ಮಾತ್ರ ಯಾರೂ ಬಿಡಲಿಲ್ಲ.

ಕ್ಯಾಂಟೀನಿನ ಮಾಲೀಕರು ಬಾಗಿಲಲ್ಲೇ ನಿಂತಿದ್ದರು. ಒಂದೊಂದೇ ಬುಟ್ಟಿಯ ಅರಿವೆ ಸರಿಸಿ, ರೊಟ್ಟಿ ಎತ್ತಿ, ಎಣಿಸಿ ನೋಡಿದರು. ಒಂದು ಚೂರಿಲ್ಲ. ಮುದುಕಿಯ ಬುಟ್ಟಿ ಕೊನೆಗೆ ಬಂತು. ಅದನ್ನು ಎರಡು ಸಲ ಎಣಿಸಿದರು. ಮುಖ ಗಂಟಾಯಿತು.

“ಎರಡು ಕಮ್ಮಿ ಅವರಿ ಬಾಯಾರೆ. ಒಡದಿದ್ದು ದಾರ್ಯಾಗ ಒಗದು ಬಂದೀರಿ, ಹೌದಿಲ್ಲೋ?”

ನಾನು ನೋಟ್‌ಬುಕ್ ತೆರೆದು ಲೆಕ್ಕ ಹುಡುಕಿದೆ. ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡು ಮುಂದೆ ಬಂದಳು.

“ಒಡದಿಲ್ಲಪಾ ತಮ್ಮಾ, ಸುಳ್ಳ ಯಾಕ ಹೇಳ್ಲಿ. ಒಂದರ ಒಡದ್ರ ತಿಂದ್ರಾತು ಅಂತ ಚಿತ್ತಾಪುರತನಕ ಕಾಯ್ದೆ. ಒಂದೂ ಒಡೀಲಿಲ್ಲ. ಹಸಿವು ಭಾಳ ಆಗಿತ್ತು, ಇಡೀವೇ ಎರಡು ತಿಂದೆ.”

ಮಾಲೀಕರು ನಕ್ಕು ನಕ್ಕು ಬಾಗಿಲಿಗೆ ಒರಗಿದರು. ನಾಳೆಯಿಂದ ಇನ್ನೆರಡು ಬುಟ್ಟಿ ಹೆಚ್ಚಿಗೆ ಕಳಿಸಿ ಎಂದರು. ಮುದುಕಿ ಗಂಟು ಎತ್ತಿಕೊಂಡು ನನ್ನ ಕಡೆ ತಿರುಗಿದಳು.

“ನಾಳಿ ಸಂಗಾಟ ಚಟ್ನಿನೂ ಇಡ್ರಿ ಅಕ್ಕೋರೆ. ಬರೇ ರೊಟ್ಟಿ ಗಂಟಲಾಗ ಸಿಗತದ.”