ಮೂರನೆಯದನ್ನು ಒತ್ತಿ ಹೇಳಿ

ಹೆಂಡತಿ ಗಿರಿಜೆಯ ತವರೂರು ಹೊಸಬಾಳೆಯಲ್ಲಿ ಕಣ್ಣಿನ ತಪಾಸಣಾ ಶಿಬಿರ. ಡಾಕ್ಟರನ್ನು ಪರಿಚಯಿಸುವ ಕೆಲಸವನ್ನು ನಾನೇ ಕೇಳಿ ಪಡೆದುಕೊಂಡೆ. ಮದುವೆಯಾದಂದಿನಿಂದ ಅಲ್ಲಿನ ಭಜನೆಗೆ ತಾಳ ಹಾಕಿ ಹಾಕಿ ನಾನು ‘ತಾಳದ ಅಳಿಯ’ ಆಗಿಬಿಟ್ಟಿದ್ದೆ. ಇನ್ನು ಮುಂದೆ ‘ಇಂಗ್ಲಿಷಿನ ಅಳಿಯ’ ಆಗಬೇಕಿತ್ತು. ಅದಕ್ಕೆ ಒಂದೇ ಪದ ಸಾಕು: ಆಫ್ತಾಲ್ಮಾಲಜಿಸ್ಟ್.

“ಕಣ್ಣಿನ ಡಾಕ್ಟ್ರು ಅಂದ್ರೆ ಸಾಕಲ್ರೀ,” ಎಂದಳು ಗಿರಿಜೆ.

“ಅದನ್ನ ಯಾರು ಬೇಕಾದ್ರೂ ಹೇಳ್ತಾರೆ ಕಣೇ.”

ಪಕ್ಕದ ಮನೆಯ ಇಂಗ್ಲಿಷ್ ಟೀಚರು ಪದವನ್ನು ಚೀಟಿಯಲ್ಲಿ ಐದು ತುಂಡು ಮಾಡಿಕೊಟ್ಟರು. ಆಫ್, ತಾಲ್, ಮಾ, ಲ, ಜಿಸ್ಟ್. “ಮೂರನೇದನ್ನ ಒತ್ತಿ ಹೇಳಿ ಅಂಕಲ್. ಉಳಿದಿದ್ದು ಹಗುರ.”

ಇಷ್ಟೇ ತಾನೇ? ಅಜ್ಜ ನನಗೆ ಭಜನೆಯ ಪದಗಳನ್ನು ಕಲಿಸಿದ್ದೇ ತೊಡೆ ತಟ್ಟಿಸಿ. ಇದಕ್ಕೂ ಹಾಗೇ ಐದು ಪೆಟ್ಟು: ಮೂರನೆಯದು ಭಾರಿ, ಉಳಿದ ನಾಲ್ಕು ಹಗುರ. ವಿದ್ಯೆ ಕೈಗೆ ಬಂತು. ಆಮೇಲೆ ಕೈ ಸುಮ್ಮನಿರಲಿಲ್ಲ. ಊಟದ ತಟ್ಟೆ, ಸ್ನಾನದ ಬಕೆಟ್ಟು, ಶಿಕಾರಿಪುರದಿಂದ ಹೊರಟ ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನು.

ಮುಂದಿದ್ದವರು ತಿರುಗಿದರು. “ಯಾಕ್ರೀ, ಏನಾರ ಬೇಕಿತ್ತಾ?”

“ಆಫ್ತಾಲ್ಮಾಲಜಿಸ್ಟ್.”

ಅವರು ಎದ್ದು ಬೇರೆ ಸೀಟಿಗೆ ಹೋದರು.

ವೇದಿಕೆ ಹತ್ತಿದೆ. ಒಂದು ಕೈಗೆ ಮೈಕು ಬಂತು, ಇನ್ನೊಂದಕ್ಕೆ ಹಣ್ಣಿನ ತಟ್ಟೆ. ತಟ್ಟಲು ಕೈಯೇ ಇಲ್ಲ! “ಇವರು ಖ್ಯಾತ ಆಫ್…” ಅಲ್ಲಿಗೆ ನಿಂತಿತು. ಗತ್ಯಂತರವಿಲ್ಲದೆ ಕಾಲಿನಿಂದ ಶುರುಮಾಡಿದೆ. ವೇದಿಕೆ ಹಲಗೆಯದು. ಧಪ್, ಧಪ್, ಧಡಾಂ.

ಪ್ರಾರ್ಥನೆಗೆಂದು ಮುಂದಿನ ಸಾಲಿನಲ್ಲಿ ಕೂತಿದ್ದ ಭಜನಾ ತಂಡದವರು ನಾನು ತಾಳ ಎತ್ತಿಕೊಟ್ಟೆನೆಂದು ತಿಳಿದರು. ಅವರ ತಾಳಗಳು ಛಣ್ ಎಂದವು. ಹಿಂದಿನವರು ಚಪ್ಪಾಳೆ ಸೇರಿಸಿದರು. ನಿಲ್ಲಿಸಿ ಎಂದು ತಟ್ಟೆಯನ್ನು ಮೇಲೆತ್ತಿದೆ. ನಮ್ಮ ಭಜನೆಯಲ್ಲಿ ಕೈ ಮೇಲೆತ್ತಿದರೆ ವೇಗ ಹೆಚ್ಚಿಸಿ ಎಂದರ್ಥ. ಅವರಿಗೆ ಅದನ್ನು ಕಲಿಸಿದವನು ನಾನೇ.

ಎರಡು ಕಿತ್ತಳೆ ಉರುಳಿ ಸಭಿಕರತ್ತ ಹೋದವು. ಸದ್ದು ಅಡಗಿದ ಮೇಲೆ ಡಾಕ್ಟರೇ ಮೈಕು ತೆಗೆದುಕೊಂಡರು. “ನಮಸ್ಕಾರ. ನಾನು ಕಣ್ಣಿನ ಡಾಕ್ಟ್ರು.” ಎಲ್ಲರಿಗೂ ಅರ್ಥವಾಯಿತು. ಗಿರಿಜೆ ನನ್ನ ಕಡೆ ನೋಡಲೂ ಇಲ್ಲ.

ತಪಾಸಣೆಯಲ್ಲಿ ಅತ್ತೆಯ ಸರದಿ. ಎರಡೂ ಕಣ್ಣಿಗೆ ಪೊರೆ. ಡಾಕ್ಟರು ಎದುರಿಗೆ ನಿಂತಿದ್ದ ನನ್ನತ್ತ ಬೆರಳು ಮಾಡಿದರು. “ಅಲ್ಲಿ ಯಾರು ಕಾಣ್ತಾರೆ ಅಜ್ಜಿ?”

“ಎಂತದೋ ಮಸುಕು ಮಸುಕು,” ಎಂದರು ಅತ್ತೆ. ತುಸು ಕಿವಿಗೊಟ್ಟರು. “ಕಾಲು ಕುಟ್ತಾ ಉಂಟಲ್ಲ, ನಮ್ಮ ತಾಳದ ಅಳಿಯಂದ್ರೇ ಇರ್ಬೇಕು.”

ಬಗ್ಗಿ ನೋಡಿಕೊಂಡೆ. ಮೂರನೆಯದನ್ನು ಸರಿಯಾಗಿಯೇ ಒತ್ತುತ್ತಿದ್ದೆ.