ಐದು ವಿಷಲ್

ನಾನ್ ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ಈ ಚನ್ನಪಟ್ಣದ ಬಸ್‌ಸ್ಟ್ಯಾಂಡು ನನ್ ತಲೆ ಮ್ಯಾಲೇ ಬೀಳ್ಲಿ. ನಿಮ್ ಸಾತನೂರು ಬಸ್ಸು ಹೊರಡಕ್ಕೆ ಇನ್ನೂ ಟೈಮೈತೆ, ಕೂತ್ಕಳಿ ಸ್ವಾಮಿ.

ಬಿಡದಿ ಕಡೆ ಫ್ಯಾಕ್ಟ್ರಿಗಳು ಅಣಬೆ ಥರ ಎದ್ದವಲ್ಲ, ಆ ಕಾಲ. ಭಾನುವಾರ ಆದ್ರೆ ಫ್ಯಾಕ್ಟ್ರಿ ಜನ ಕಣ್ವ ಡ್ಯಾಮಿಗೆ ಬರೋರು. ಅಲ್ಲೊಂದು ರೆಸಾರ್ಟ್‌ನೋರು ಕಯಾಕ್ ಅಂತ ತಂದ್ರು. ಒಬ್ರೇ ಕಾಲ್ ನೀಡ್ಕಂಡು ಕೂರೋ ದೋಣಿ, ಅವರೆಕಾಯಿ ಸಿಪ್ಪೇಲಿ ಕಾಳು ಕೂತಂಗೆ. ಅದನ್ನ ಕಲಿಸಕ್ಕೆ ಒಬ್ಬ ಆಳು ಬೇಕು ಅಂದ್ರು.

ಬೈರಾಪಟ್ಣದ ಅನಂತರಾಜು ಹದಿನಾಲ್ಕು ವರ್ಷ ಪ್ರೈವೇಟ್ ಬಸ್ ಕಂಡಕ್ಟ್ರು. "ಒಳಿಕ್ ಹೋಗಿ, ಒಳಿಕ್ ಹೋಗಿ" ಅಂತ ನಿದ್ದೇಲೂ ಹೆಂಡ್ತೀನ ಗೋಡೆಗೆ ಒತ್ತೋನು. ಈ ಕೆಲ್ಸದ ಸುದ್ದಿ ಕಿವಿಗೆ ಬಿದ್ದಿದ್ದೇ, ಓನರ್ ಮುಂದೆ ಬ್ಯಾಗ್ ಎಸ್ದು, "ಇನ್ ಮ್ಯಾಕೆ ಟಿಕೆಟ್ ಹರಿದ್ರೆ ನನ್ ಹೆಸ್ರು ಅನಂತರಾಜೇ ಅಲ್ಲ" ಅಂತ ಬಂದ್ಬುಟ್ಟ.

"ಆ ಕೆಲ್ಸ ಸಿಕ್ದೆ ಬಂದ್ರೆ ಬಾಗ್ಲು ತೆಗೆಯಕ್ಕಿಲ್ಲ" ಅಂದ್ಲು ಹೆಂಡ್ತಿ ಶಿವಲಿಂಗಮ್ಮ.

ರೆಸಾರ್ಟ್ ಮೇಡಂ ನವ್ಯಶ್ರೀ ಪರೀಕ್ಷೆ ಇಟ್ರು. "ಆ ದಡ ಮುಟ್ಟಿ ಬನ್ನಿ. ದೊಡ್ಡ ಮೋಟ್ರು ಬೋಟಿಗೆ ಅಡ್ಡ ಹೋಗ್ಬೇಡಿ. ಅದು ನಿಮ್ಗೆ ಕಂಡ್ರೂ, ನೀವು ಅದಕ್ಕೆ ಕಾಣಲ್ಲ. ಮೈಮೇಲೆ ಬಂದ್ರೆ ಐದ್ ಸಲ ವಿಷಲ್ ಹೊಡೀರಿ, ಅಪಾಯ ಅಂತ ಅರ್ಥ."

"ವಿಷಲ್ಲಾ? ಅದು ನನ್ ಹಲ್ಲಿದ್ದಂಗೆ ಮೇಡಂ."

ಅನಂತರಾಜು ಲೈಫ್ ಜಾಕೆಟ್ ಹಾಕ್ಕಂಡು ಕಯಾಕ್ ಹತ್ತಿ ನೀರಿಗಿಳ್ದ. ದಡದಲ್ಲಿ ಎಮ್ಮೆ ತೊಳೀತಿದ್ದ ಬೈರಮ್ಮ ಕೂಗಿದ್ಲು: "ಲೇ ಅನಂತಾ, ಕಲಗಚ್ಚಿನ ಬಾನೀಲಿ ಯಾಕ್ಲಾ ಕೂತಿದ್ದೀಯ? ಬಾ, ನನ್ ಎಮ್ಮೆ ಬಾಲ ಹಿಡ್ಕಾ, ಅದೇ ದಾಟಿಸ್ತದೆ!"

ಅವ ಉತ್ರ ಕೊಡಕ್ಕೆ ತಿರುಗ್ದ. ದೋಣೀನೂ ತಿರುಗ್ತು. ನೆಟ್ಗೆ ಮೋಟ್ರು ಬೋಟಿನ ಮೂತಿ ಮುಂದೆ! ನಲವತ್ ಜನ ಹೊತ್ಕಂಡು, ಊಟದ ಪಂಕ್ತಿ ತಪ್ಪೋಯ್ತದೆ ಅನ್ನೋ ಬೀಗ್ರಂಗೆ ಬತ್ತಾ ಐತೆ. ಅನಂತರಾಜು ಊದ್ದ: ಪೀಪೀ! ಪೀಪೀ! ಐದ್ನೇದು ಊದೋಕ್ಮುಂಚೆ ಅಲೆ ಬಡ್ದು ಬಾಯಿಗೆ ನೀರು ನುಗ್ತು.

ಬೋಟು ಓಡಿಸ್ತಿದ್ದ ಪೀರ್ ಸಾಬ್ರು ಮೂವತ್ ವರ್ಷ ಬಸ್ ಡ್ರೈವರ್ ಆಗಿದ್ದೋರು. ಅವ್ರ ಲೆಕ್ಕದಲ್ಲಿ ಒಂದು ವಿಷಲ್ ಅಂದ್ರೆ ಸ್ಟಾಪು, ಎರಡು ಅಂದ್ರೆ ರೈಟು, ಹೊರಡು ಅಂತ. "ಎರಡ್ ಸಲ ರೈಟ್ ಕೊಡ್ತಾವ್ನೆ, ಏನೋ ಅರ್ಜೆಂಟು!" ಅಂತ ಪೂರ್ತಿ ಎಕ್ಸಲೇಟ್ರು ಕೊಟ್ರು.

ಬೋಟು ಒಂದ್ ಗೇಣು ಪಕ್ಕದಲ್ಲೇ ಹೋಯ್ತು. ಅಲೆಗೆ ಕಯಾಕು ಮಗುಚ್ತು. ಅನಂತರಾಜು ಲೈಫ್ ಜಾಕೆಟ್ಟಲ್ಲಿ ಎಣ್ಣೇಲಿ ಬೋಂಡ ತೇಲ್ದಂಗೆ ತೇಲ್ದ. ಕೆಮ್ಮಿ, ಉಗ್ದು, ಹಳೇ ಚಾಳಿ ನೆಪ್ಪಾಗಿ ಒಂದೇ ಒಂದು ಉದ್ದುದ್ದ ಊದ್ದ: ಪೀ……!

ಬೋಟು ಗಕ್ಕನೆ ನಿಲ್ತು. ಪೀರ್ ಸಾಬ್ರು ಬಗ್ಗಿ, "ಬೇಗ ಹತ್ತಪ್ಪಾ, ಹಿಂದ್ಗಡೆ ಸೀಟೈತೆ!" ಅಂದ್ರು.

ದಡದಲ್ಲಿ ನವ್ಯಶ್ರೀ ಮೇಡಂ ಕುಣಿದಾಡ್ತಾವ್ರೆ. "ಈ ಸಾಬ್ರು ಯಾರ್ ಕೂಗಿದ್ರೂ ನಿಲ್ಸ್ತಿರ್ಲಿಲ್ಲ. ನಿಮ್ಗೆ ನಿಲ್ಸಿದ್ರು! ಕೆಲ್ಸ ನಿಮ್ದೇ!"

ಅನಂತರಾಜು ನೀರು ಸುರಿಸ್ಕಂಡೇ ಕೈ ಮುಗ್ದ. ಮೇಡಂ ಆ ಕೈಗೆ ಒಂದು ಖಾಕಿ ಅಂಗಿ, ಒಂದು ಟಿಕೆಟ್ ಬುಕ್ಕು ಇಟ್ರು. "ಇವತ್ತಿಂದ ಈ ಬೋಟಿಗೆ ನೀವೇ ಕಂಡಕ್ಟ್ರು. ಹೆಸ್ರು ಏನಂತ ಬರ್ಕೊಳ್ಲಿ?"

ಅವ ಪರ್ರಂತ ಮೊದಲ್ನೇ ಟಿಕೆಟ್ ಹರ್ದ. "ದೇವರಾಜು ಅಂತ ಬರ್ಕಳಿ ಮೇಡಂ."

ಬೇಕಾದ್ರೆ ಈಗ್ಲೇ ಹೋಗಿ ನೋಡಿ, ಡ್ಯಾಮ್ ಮಧ್ಯ ನಿಂತ್ಕಂಡು "ಒಳಿಕ್ ಹೋಗಿ" ಅಂತ... ಅಯ್ಯೋ, ಯಾಕ್ ಸ್ವಾಮಿ ಎದ್ರಿ? ಆ ಪೀಪೀ ಬಸ್ಸಿಂದಲ್ಲ, ಗೊಂಬೆ ಮಾರೋ ಫಿರೋಜಾ ಊದಿದ್ದು! ಓಡ್ಬ್ಯಾಡಿ, ನಿಮ್ ಬಸ್ಸು ಇನ್ನೂ...