ಆಷಾಢದ ತುಂಬ ಮದುವೆ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಒಂದೇ ಸುಳ್ಳಿನಿಂದ, ಅದೂ ನಾನು ಹೇಳದ ಸುಳ್ಳಿನಿಂದ, ಒಂದು ಮದುವೆ ತಪ್ಪಿದ ಕತೆ ನನ್ನದು. ತಪ್ಪಿದ್ದು ನನ್ನದೇ ಮದುವೆಯಾದ್ದರಿಂದ ಇಷ್ಟು ನಿರಾಳವಾಗಿ ಹೇಳುತ್ತಿದ್ದೇನೆ.

ಆಗ ನಾನು ರಾಮನಗರದ ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ ವೆಬ್‌ಸೈಟ್ ಮಾಡುವ ಕೆಲಸದಲ್ಲಿದ್ದೆ. ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದ ಮೇಲೆ ಮದುವೆಗಳೂ ದೊಡ್ಡದಾಗಿದ್ದವು; ಮನೆ ಮುಂದಿನ ಚಪ್ಪರ ಯಾರಿಗೂ ಸಾಲುತ್ತಿರಲಿಲ್ಲ. ಹೊಸ ಕಲ್ಯಾಣಮಂಟಪ ಕಟ್ಟಿಸಿದ್ದ ಪುಟ್ಟಸ್ವಾಮಣ್ಣನಿಗೆ ಯಾವ ದಿನ ಖಾಲಿ, ಯಾವ ದಿನ ಭರ್ತಿ ಎಂದು ತೋರಿಸುವ ವೆಬ್‌ಸೈಟ್ ಬೇಕಾಯಿತು. ತಿಂಗಳ ಚೌಕಗಳನ್ನೆಲ್ಲ ಕೂತು ಬರೆಯುವಷ್ಟು ಸಹನೆ ನನಗೆಲ್ಲಿ? ಯಾರೋ ಪುಣ್ಯಾತ್ಮರು ಬರೆದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದ ಕ್ಯಾಲೆಂಡರ್ ಲೈಬ್ರರಿಯೊಂದನ್ನು, ಅಂದರೆ ಬರೆದಿಟ್ಟ ಸಿದ್ಧ ಪ್ರೋಗ್ರಾಮನ್ನು, ಇಳಿಸಿಕೊಂಡೆ. ತಾರೀಕು ಕೊಟ್ಟರೆ ಸಾಕು, ಅದೇ ಚೌಕ ಎಳೆದು, ಭರ್ತಿಯಾದ ದಿನಕ್ಕೆ ಕೆಂಪು ಬಳಿಯುತ್ತಿತ್ತು. ಅಂಗಡಿ ಹಪ್ಪಳ ಕರಿದು ‘ನಾನೇ ಮಾಡಿದ್ದು’ ಅನ್ನುವವರ ಹಾಗೆ ಬೀಗಿದೆ. ಜತೆಗಿದ್ದ ಸೂಚನೆಗಳನ್ನು ಮಾತ್ರ ಓದಲಿಲ್ಲ. ಔಷಧದ ಡಬ್ಬಿಯೊಳಗಿನ ಚೀಟಿಯನ್ನು ಯಾರಾದರೂ ಓದುತ್ತಾರೆಯೇ?

ಅದೇ ಹೊತ್ತಿಗೆ ಕುದೂರು ಕಡೆಯ ಸಂಬಂಧವೊಂದು ಬಂತು. ಹುಡುಗನಿಗೆ ಫ್ಯಾಕ್ಟರಿಯಲ್ಲಿ ಕೈತುಂಬ ಸಂಬಳ. ಮಾತಿನಲ್ಲಿ ಜಿಪುಣ, ನನ್ನ ಜತೆ ಆಡಿದ್ದು ಒಂದೇ ಮಾತು: “ಮದ್ವೆ ಆದ್ಮೇಲೆ ಈ ಕಂಪ್ಯೂಟರ್ ಗಿಂಪ್ಯೂಟರ್ ಎಲ್ಲ ಬುಟ್ಬುಡಬೇಕು.” ಆ ಮಾತಿಗೇ ಸಂಬಂಧ ನನಗೆ ಬೇಡವಾಯಿತು. ಆದರೆ ಅಪ್ಪನಿಗೆ ಸಂಬಂಧ ಹಿಡಿಸಿತ್ತು, ಅವ್ವ ಕಬ್ಬಾಳಮ್ಮನಿಗೆ ಹರಕೆ ಹೊತ್ತಾಗಿತ್ತು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಗಂಡಿನ ಕಡೆಯವರದು ಒಂದೇ ಹಟ: ಪುಟ್ಟಸ್ವಾಮಣ್ಣನ ಮಂಟಪವೇ ಆಗಬೇಕು, ಅದೂ ಆಷಾಢಕ್ಕೆ ಮುಂಚೆ, ಜೂನಿನಲ್ಲೇ ಆಗಬೇಕು.

ಅಪ್ಪ ಸೆಂಟರಿಗೆ ಬಂದು, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಭಕ್ತಿಯಿಂದ ಪರದೆ ನೋಡಿದರು. ಜೂನ್ ಪೂರ್ತಿ ಕೆಂಪು.

“ಒಸಿ ಪುಟ್ಟಸ್ವಾಮಣ್ಣನ್ನೂ ಕೇಳಪ್ಪ” ಅಂದೆ, ಹೇಳಬೇಕಲ್ಲ ಎಂದು.

“ನನ್ ಮಗ್ಳು ಮಾಡಿರೋದು ಸುಳ್ಳಾಡ್ತದಾ?” ಅಂದವರೇ ಹೋಗಿ, ಶ್ರಾವಣಕ್ಕೆ ಇಟ್ಟುಕೊಳ್ಳೋಣ ಎಂದು ಹೇಳಿಕಳಿಸಿದರು. ಗಂಡಿನ ಕಡೆಯವರಿಗೆ ಅಷ್ಟು ತಾಳ್ಮೆ ಎಲ್ಲಿ? ಬೇರೆ ಹುಡುಗಿಯನ್ನು ನೋಡಿಕೊಂಡರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಮುಖ ಸಪ್ಪೆ ಮಾಡಿಕೊಂಡು ಒಳಗೆ ಹೋಗಿ, ನೆಮ್ಮದಿಯಾಗಿ ಎರಡು ಮುದ್ದೆ ಉಂಡೆ.

ಆಮೇಲೆ ಪುಟ್ಟಸ್ವಾಮಣ್ಣನ ಫೋನು ಬಂತು. “ಏನವ್ವಾ ಇದು, ಆಷಾಢದ ತುಂಬ ಮದ್ವೆ ತೋರಿಸ್ತಾ ಐತೆ! ಸುಣ್ಣ ಹೊಡ್ಸೋಣ ಅಂತ ನೋಡುದ್ರೆ ದಿನ ಬುಟ್ಟು ದಿನ ಕೆಂಪು. ಆಷಾಢದಾಗೆ ಯಾವನವ್ವ ತಾಳಿ ಕಟ್ತಾನೆ?”

ಆಗ ಸೂಚನೆ ಓದಿದೆ. ಆ ಲೈಬ್ರರಿ ತಿಂಗಳನ್ನು ಸೊನ್ನೆಯಿಂದ ಎಣಿಸುತ್ತಿತ್ತು. ಜನವರಿ ಸೊನ್ನೆ, ಫೆಬ್ರವರಿ ಒಂದು. ನಾನು ಮೇ ಎಂದು ಐದು ಕೊಟ್ಟರೆ ಅದು ಜೂನ್ ಎಂದುಕೊಳ್ಳುತ್ತಿತ್ತು. ಮೇ ತಿಂಗಳ ಮದುವೆಗಳೆಲ್ಲ ಜೂನಿಗೆ ಹೋಗಿ ಕೂತಿದ್ದವು, ಜೂನಿನವು ಜುಲೈಗೆ. ನಿಜವಾದ ಜೂನ್ ಅರ್ಧಕ್ಕರ್ಧ ಖಾಲಿ ಇತ್ತು! ಎಲ್ಲ ಕಡೆ ಒಂದು ಕಳೆದೆ, ಸರಿಹೋಯಿತು. ಸರಿಹೋದ ಮೇಲೆ ಜೂನಿಗೆ ಮೊದಲು ಬಂದ ಬುಕಿಂಗ್ ಆ ಕುದೂರಿನ ಹುಡುಗನದೇ. ಅವನ ದಿನಕ್ಕೆ ಕೆಂಪು ಬಳಿದವಳು ನಾನೇ. ಆ ಹುಡುಗಿಗೆ ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲೇ ಹರಸಿ, ಅಬ್ಬಾ ಎಂದು ಉಸಿರು ಬಿಟ್ಟೆ.

ಎರಡು ವರ್ಷದ ಮೇಲೆ, ಕೆಲಸ ಬಿಡು ಅನ್ನದ ಹುಡುಗನೊಬ್ಬ ಕೈಲಾಂಚದಲ್ಲಿ ಸಿಕ್ಕ. ಈ ಸಲ ಅವಸರ ನನಗೇ. ಅಪ್ಪನಿಗೆ ಪುಟ್ಟಸ್ವಾಮಣ್ಣನ ಮಂಟಪವೇ ಬೇಕಿತ್ತು; ಕ್ಯಾಲೆಂಡರ್ ತೆರೆದರೆ ಜೂನ್ ಪೂರ್ತಿ ಕೆಂಪು.

“ಸರ್ಯಾಗಿ ನೋಡವ್ವ, ಮತ್ತೆ ಸೊನ್ನೆಯಿಂದ ಎಣಿಸ್ಬುಟ್ಟೈತೇನೋ” ಅಂದರು, ಹಳೆಯ ತಪ್ಪಿನ ಕತೆಯನ್ನು ನನ್ನ ಬಾಯಿಂದಲೇ ಕೇಳಿದ್ದ ಅಪ್ಪ.

ನಾನೂ ಅದೇ ಆಸೆಯಿಂದ ಮಧ್ಯಾಹ್ನವೆಲ್ಲ ಸಾಲು ಸಾಲಾಗಿ ಹುಡುಕಿದೆ. ಸೂಚನೆಗಳನ್ನೂ ಅಕ್ಷರ ಬಿಡದೆ ಓದಿದೆ. ಎಲ್ಲಿಯೂ ಒಂದು ತಪ್ಪಿಲ್ಲ. ಆಷಾಢವನ್ನೆಲ್ಲ ಕಾದು ಶ್ರಾವಣದಲ್ಲಿ ಮದುವೆಯಾದೆ. ನನ್ನ ಕೆಲಸದಲ್ಲಿ ತಪ್ಪೇ ಇಲ್ಲವಲ್ಲ ಎಂದು ನಾನು ಕಣ್ಣೀರು ಹಾಕಿದ್ದು ಅದೊಂದೇ ಸಲ.